ಶೇರ್‌ಪಾಯಿಂಟ್ ಡೇಟಾಬೇಸ್‌ಗಳಿಗೆ ನಾವೇ ಹೆಸರಿಡುವುದು

ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ಡಿಸ್ಕ್ ತುಂಬುತ್ತಿದೆಯೆಂದೂ, ಒಂದೇ ಸರ್ವರ್‌ನಲ್ಲಿ ಶೇರ್‌ಪಾಯಿಂಟ್‌ನ (ಸಂಸ್ಥೆಯ ಕಡತಗಳನ್ನೂ ಒಳತಾಣಗಳನ್ನೂ ಇಡುವ ಮೈಕ್ರೋಸಾಫ್ಟ್ ತಂತ್ರಾಂಶದ) ಅಡ್ಮಿನ್ ಕಂಟೆಂಟ್ ಡೇಟಾಬೇಸ್‌ಗಳು ಮೂರು ಕಾಣುತ್ತಿವೆಯೆಂದೂ, ಅವುಗಳಲ್ಲಿ ಪ್ರೊಡಕ್ಷನ್‌ನದು, ಅಂದರೆ ಜನ ನಿಜವಾಗಿ ಬಳಸುತ್ತಿರುವುದು, ಯಾವುದೆಂದೂ ಕೇಳಿದರು. ಹೆಸರು ಓದಿ ಎಂದೆ. "ಅಂಡರ್‌ಸ್ಕೋರ್ ಆದಮೇಲೆ ಎಂಟು, ಡಿ, ಮೂರು, ಬಿ, ಇ..." "ಡಿ-ನಾ, ಬಿ-ನಾ?" "ಡಿ ಸಾರ್, ಡೆಲ್ಲಿ ಡಿ." ಮೂರು ಹೆಸರುಗಳನ್ನು ಹೀಗೆ ಕಾಗದದ ಮೇಲೆ ಬರೆದುಕೊಂಡ ಬಳಿಕವೂ ಉತ್ತರ ಸಿಗಲಿಲ್ಲ, ಟೆಸ್ಟ್, ಸ್ಟೇಜಿಂಗ್, ಪ್ರೊಡಕ್ಷನ್ ಮೂರಕ್ಕೂ ಒಂದೊಂದಾಗಿ ಲಾಗಿನ್ ಆಗಿ ನೋಡಿಯೇ ಹೇಳಬೇಕಾಯಿತು. ಮೂರನ್ನೂ ವಿಝಾರ್ಡ್ ಮೂಲಕ, 'ನೆಕ್ಸ್ಟ್' ಒತ್ತುತ್ತಾ ಇನ್‌ಸ್ಟಾಲ್ ಮಾಡಿದವನು ನಾನೇ ಆಗಿದ್ದರಿಂದ ಬೇರೆಯವರನ್ನು ದೂರುವಂತಿರಲಿಲ್ಲ.

ಅದು ಶೇರ್‌ಪಾಯಿಂಟ್ 2010. ಅದರ ಕಾನ್ಫಿಗರೇಶನ್ ವಿಝಾರ್ಡ್, ಕಾನ್ಫಿಗರೇಶನ್ ಡೇಟಾಬೇಸಿನ ಹೆಸರನ್ನು ಮಾತ್ರ ನಮ್ಮನ್ನು ಕೇಳುತ್ತದೆ. ಶೇರ್‌ಪಾಯಿಂಟ್ ನಿರ್ವಹಿಸುವ ತಾಣವಾದ ಸೆಂಟ್ರಲ್ ಅಡ್ಮಿನಿಸ್ಟ್ರೇಶನ್‌ನ ಕಂಟೆಂಟ್ ಡೇಟಾಬೇಸಿಗೆ (ಇದೇ ಅಡ್ಮಿನ್ ಕಂಟೆಂಟ್) ಮಾತ್ರ ಕೇಳದೆಯೇ 'ಶೇರ್‌ಪಾಯಿಂಟ್_ಅಡ್ಮಿನ್‌ಕಂಟೆಂಟ್_' ಎಂಬುದರ ಮುಂದೆ ಒಂದು ಜಿಯುಐಡಿಯನ್ನು, ಅಂದರೆ 32 ಹೆಕ್ಸ್ ಅಕ್ಷರಗಳೂ ಅವುಗಳ ನಡುವೆ 4 ಅಡ್ಡಗೆರೆಗಳೂ ಇರುವ ಸರಪಳಿಯೊಂದನ್ನು, ತಾನೇ ಅಂಟಿಸಿಬಿಡುತ್ತದೆ. ಡೇಟಾಬೇಸ್‌ಗಳನ್ನು ನಡೆಸುವ ಒಂದೇ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹಲವು ಫಾರ್ಮ್‌ಗಳ (ಶೇರ್‌ಪಾಯಿಂಟ್‌ನ ಒಂದೊಂದು ಪೂರ್ಣ ಸ್ಥಾಪನೆಯೂ ಒಂದು ಫಾರ್ಮ್) ಡೇಟಾಬೇಸ್‌ಗಳಿದ್ದರೆ ಹೆಸರುಗಳು ಡಿಕ್ಕಿ ಹೊಡೆಯಬಾರದೆಂಬ ದೃಷ್ಟಿಯಿಂದ ಇದು ಸರಿಯೇ. ಆದರೆ ಆ ಹೆಸರನ್ನು ದಿನವೂ ನೋಡಬೇಕಾದವರ ದೃಷ್ಟಿಯಿಂದ ಅಲ್ಲ. ಅದರಲ್ಲಿರುವ ಅಡ್ಡಗೆರೆಯೂ ತಾಪತ್ರಯವೇ: ಎಸ್‌ಕ್ಯೂಎಲ್ ಸರ್ವರ್‌ನ ಆಜ್ಞಾಭಾಷೆಯಾದ ಟಿ-ಎಸ್‌ಕ್ಯೂಎಲ್‌ನಲ್ಲಿ ಅಂಥ ಹೆಸರನ್ನು ಚೌಕ ಆವರಣದೊಳಗೆ ಬರೆಯದಿದ್ದರೆ ಆಜ್ಞೆ ನಡೆಯುವುದಿಲ್ಲ, ಹಾಗಾಗಿ ಹೆಸರನ್ನು ಹಾಗೆಯೇ ಜೋಡಿಸಿಕೊಂಡು ಹೋಗುವ ಹಳೆಯ ಬ್ಯಾಕಪ್ ಸ್ಕ್ರಿಪ್ಟ್‌ಗಳು ಸರಿಯಾಗಿ ಆ ಡೇಟಾಬೇಸಿನ ಹತ್ತಿರ ಬಂದು ನಿಲ್ಲುತ್ತವೆ.

ಇದಕ್ಕೆ ಪರಿಹಾರ ಹೊಸದೇನಲ್ಲ. 2007ರ ಆವೃತ್ತಿಯಲ್ಲಿಯೇ ಪಿಎಸ್‌ಕಾನ್ಫಿಗ್ ಎಂಬ ಕಮಾಂಡ್‌ಗೆ ಅಡ್ಮಿನ್ ಕಂಟೆಂಟ್ ಡೇಟಾಬೇಸಿನ ಹೆಸರನ್ನು ಕೊಡಬಹುದಿತ್ತು. 2010ರಿಂದ ವಿಂಡೋಸ್‌ನ ಆಜ್ಞಾ ಶೆಲ್ ಆದ ಪವರ್‌ಶೆಲ್‌ನಲ್ಲಿ 'ನ್ಯೂ-ಎಸ್‌ಪಿಕಾನ್ಫಿಗರೇಶನ್‌ಡೇಟಾಬೇಸ್' ಎಂಬ ಆಜ್ಞೆ ಬಂದಿತು. ಎಸ್‌ಕ್ಯೂಎಲ್ ಸರ್ವರ್ ಯಾವುದು, ಕಾನ್ಫಿಗ್ ಡೇಟಾಬೇಸಿನ ಹೆಸರೇನು, ಅಡ್ಮಿನ್ ಕಂಟೆಂಟ್‌ನ ಹೆಸರೇನು, ಫಾರ್ಮ್ ಅಕೌಂಟ್ ಮತ್ತು ಪಾಸ್‌ಫ್ರೇಸ್ ಯಾವುವು ಎಂಬುದಷ್ಟನ್ನು ಅದಕ್ಕೆ ಹೇಳಿದರೆ ಎರಡೂ ಡೇಟಾಬೇಸ್‌ಗಳು ನಾವು ಕೊಟ್ಟ ಹೆಸರಿನಲ್ಲಿಯೇ ಹುಟ್ಟುತ್ತವೆ. ಮೊದಲ ಸಲ ಆ ಶೆಲ್ ತೆರೆದಾಗ, ಲೋಕಲ್ ಫಾರ್ಮ್ ಸಿಗುತ್ತಿಲ್ಲ ಎಂಬ ಎಚ್ಚರಿಕೆ ಪರದೆಯ ಮೇಲೆ ಬರುತ್ತದೆ. ನಾನು ಅದನ್ನು ಕಂಡು ಗಾಬರಿಯಾಗಿ ಶೆಲ್ ಮುಚ್ಚಿದ್ದೆ. ಫಾರ್ಮ್ ಇನ್ನೂ ಹುಟ್ಟೇ ಇಲ್ಲದಿರುವಾಗ ಅದು ಬೇರೇನು ಹೇಳೀತು ಎಂದು ಆಮೇಲೆ ಹೊಳೆಯಿತು.

ವಿಝಾರ್ಡ್ ತಾನಾಗಿ ಮಾಡುತ್ತಿದ್ದ ಉಳಿದ ಕೆಲಸಗಳನ್ನೂ ಸ್ಕ್ರಿಪ್ಟ್‌ನಲ್ಲಿ ನಾವೇ ಕ್ರಮವಾಗಿ ಬರೆಯಬೇಕಾಗುತ್ತದೆ: ಹೆಲ್ಪ್ ಕಡತಗಳು, ಫೈಲ್ ಮತ್ತು ರಿಜಿಸ್ಟ್ರಿಯ ಭದ್ರತೆ, ಸರ್ವಿಸ್‌ಗಳು, ಫೀಚರ್‌ಗಳು, ಸೆಂಟ್ರಲ್ ಅಡ್ಮಿನಿಸ್ಟ್ರೇಶನ್‌ನ ಪೋರ್ಟ್, ಕೊನೆಗೆ ಅಪ್ಲಿಕೇಶನ್ ಕಂಟೆಂಟ್. ಹತ್ತು ಸಾಲೂ ಆಗುವುದಿಲ್ಲ. ಹೆಸರುಗಳನ್ನೆಲ್ಲ ನಾನು ಸ್ಕ್ರಿಪ್ಟ್‌ನ ತಲೆಯಲ್ಲಿಯೇ, ಪರಿಸರದ ಹೆಸರನ್ನು ಒಂದು ವೇರಿಯಬಲ್‌ನಲ್ಲಿಟ್ಟು ಅದರಿಂದ ಕಟ್ಟಿಕೊಳ್ಳುತ್ತೇನೆ. 'ಪ್ರಾಡ್' ಎಂಬುದನ್ನು 'ಟೆಸ್ಟ್' ಎಂದು ಬದಲಿಸಿದರೆ ಹದಿನೈದು ಡೇಟಾಬೇಸ್‌ಗಳ ಹೆಸರೂ ಒಟ್ಟಿಗೇ ಬದಲಾಗುತ್ತವೆ. ಎಸ್‌ಕ್ಯೂಎಲ್ ಸರ್ವರ್‌ನ ನಿಜವಾದ ಹೆಸರನ್ನು ಮಾತ್ರ ಎಲ್ಲಿಯೂ ಬರೆಯದೆ ಅಲಿಯಾಸ್, ಅಂದರೆ ಅದಕ್ಕಿಟ್ಟ ಬದಲಿ ಹೆಸರನ್ನು, ಬಳಸುತ್ತೇನೆ, ಏಕೆಂದರೆ ಡೇಟಾಬೇಸ್‌ಗಳನ್ನು ಬೇರೆ ಯಂತ್ರಕ್ಕೆ ಸಾಗಿಸಬೇಕಾದ ದಿನ ಒಂದಲ್ಲ ಒಂದು ಸಲ ಬಂದೇ ಬರುತ್ತದೆ.

ಸರ್ಚ್, ಯೂಸರ್ ಪ್ರೊಫೈಲ್‌ನಂಥ ಸೌಲಭ್ಯಗಳನ್ನು ಒದಗಿಸುವ ಸರ್ವಿಸ್ ಅಪ್ಲಿಕೇಶನ್‌ಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಯೂಸರ್ ಪ್ರೊಫೈಲ್ ಒಂದಕ್ಕೇ ಪ್ರೊಫೈಲ್, ಸಿಂಕ್, ಸೋಶಿಯಲ್ ಎಂದು ಮೂರು ಡೇಟಾಬೇಸ್‌ಗಳಿದ್ದು, ಮೂರಕ್ಕೂ ಬೇರೆ ಬೇರೆ ಹೆಸರು ಕೊಡಬೇಕು; ಒಂದನ್ನು ಮರೆತರೆ ಆ ಒಂದರ ಹೆಸರನ್ನು ಶೇರ್‌ಪಾಯಿಂಟ್ ತಾನೇ ಆರಿಸಿಕೊಳ್ಳುತ್ತದೆ. ಸರ್ಚ್ ಬೇರೆ ಥರ: ಒಂದೇ ಹೆಸರು ತೆಗೆದುಕೊಂಡು, ಕ್ರಾಲ್ ಸ್ಟೋರ್ ಮೊದಲಾದ ಉಳಿದವಕ್ಕೆ ಅದರ ಕೊನೆಗೆ ತನ್ನ ಬಾಲ ಸೇರಿಸಿಕೊಳ್ಳುತ್ತದೆ, ಆದ್ದರಿಂದ ಅಲ್ಲಿ ಮೂಲ ಹೆಸರು ಚಿಕ್ಕದಾಗಿದ್ದಷ್ಟೂ ಒಳ್ಳೆಯದು.

ಆಗಲೇ ಜಿಯುಐಡಿ ಅಂಟಿಕೊಂಡಿದ್ದರೂ ದಾರಿಯಿದೆ. ಸೆಂಟ್ರಲ್ ಅಡ್ಮಿನಿಸ್ಟ್ರೇಶನ್‌ಗೆ ಹೊಸ ಹೆಸರಿನ ಕಂಟೆಂಟ್ ಡೇಟಾಬೇಸ್ ಸೃಷ್ಟಿಸಿ, 'ಮೂವ್-ಎಸ್‌ಪಿಸೈಟ್' ಮೂಲಕ ಸೈಟ್‌ಗಳನ್ನು ಅದಕ್ಕೆ ಸಾಗಿಸಿ, ವಿಂಡೋಸ್‌ನ ವೆಬ್ ಸರ್ವರ್ ಆದ ಐಐಎಸ್ ಅನ್ನು ರೀಸೆಟ್ ಮಾಡಿ, ಹಳೆಯದು ಖಾಲಿಯಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆ ತೆಗೆದುಹಾಕುವುದು. ಮೂರು ಫಾರ್ಮ್‌ಗಳಲ್ಲಿಯೂ ನಾನು ಮಾಡಿದ್ದು ಇದನ್ನೇ, ಅದಕ್ಕೆ ಎರಡು ಶನಿವಾರಗಳು ಹಿಡಿದವು.

ಇಷ್ಟೆಲ್ಲ ಆದಮೇಲೆ ಹೊಸ ಫಾರ್ಮ್ ಒಂದನ್ನು ಸ್ಕ್ರಿಪ್ಟ್‌ನಿಂದಲೇ ಕಟ್ಟಿ, ನೆಮ್ಮದಿಯಿಂದ ಊಟಕ್ಕೆ ಹೋಗಿದ್ದೆ. ಸೆಂಟ್ರಲ್ ಅಡ್ಮಿನಿಸ್ಟ್ರೇಶನ್ ಮೊದಲ ಸಲ ತೆರೆದಾಗ, ಫಾರ್ಮ್‌ನ ಸರ್ವಿಸ್ ಅಪ್ಲಿಕೇಶನ್‌ಗಳನ್ನು ಇನ್ನೊಂದು ವಿಝಾರ್ಡ್‌ನಿಂದ ಸಿದ್ಧಪಡಿಸಲೇ ಎಂದು ಅದು ತಾನೇ ಕೇಳುತ್ತದೆ. ನಾನಿಲ್ಲದಾಗ ಅದನ್ನು ತೆರೆದ ಹುಡುಗ, ನನಗೊಂದು ಕೆಲಸ ಕಡಿಮೆಯಾಗಲೆಂದು, 'ಸ್ಟಾರ್ಟ್ ದಿ ವಿಝಾರ್ಡ್' ಒತ್ತಿದ್ದ. ಮರಳಿ ಬಂದು ಎಸ್‌ಕ್ಯೂಎಲ್ ಸರ್ವರ್‌ನ ಪಟ್ಟಿಯನ್ನು ನೋಡಿದರೆ ನನ್ನ ಎರಡು ಅಚ್ಚುಕಟ್ಟಾದ ಹೆಸರುಗಳ ಕೆಳಗೆ ಜಿಯುಐಡಿಗಳ ಸಾಲೇ ನಿಂತಿತ್ತು. ನನ್ನ ಸ್ಕ್ರಿಪ್ಟ್ ಈಗ ಕೊನೆಯಲ್ಲಿ ಒಂದು ಸಾಲನ್ನು ಹಳದಿ ಬಣ್ಣದಲ್ಲಿ ತೋರಿಸಿ ಮುಗಿಯುತ್ತದೆ: "ಬ್ರೌಸರ್ ತೆರೆದ ಕೂಡಲೇ ಕ್ಯಾನ್ಸಲ್ ಒತ್ತಿರಿ."