ಬ್ಲೆರಿಯೋ ವಿಮಾನಕ್ಕೆ ತಂತಿ ಕಟ್ಟಿದ ಭಾನುವಾರ

ಪುಟಾಣಿ ಮಾದರಿ ವಿಮಾನಗಳನ್ನು ಮಾಡೋದು ನನ್ನ ಹವ್ಯಾಸ. ಕಿಟ್ ತಂದು ಜೋಡಿಸೋದರಲ್ಲಿ ಮಜಾ ಇಲ್ಲ ಅಂತಲ್ಲ. ಆದರೆ ಬ್ಲೆರಿಯೋ-11 ವಿಮಾನದ ಮಾದರಿಯನ್ನು ಮಾತ್ರ ಕಡ್ಡಿಯಿಂದ ಶುರುಮಾಡಿ ನಾನೇ ಕಟ್ಟಬೇಕು ಅಂತ ಬಹಳ ದಿನದ ಆಸೆ. 1909ರ ಜುಲೈ 25ರಂದು ಇದನ್ನು ಕಟ್ಟಿದ ಲೂಯಿ ಬ್ಲೆರಿಯೋ ಫ್ರಾನ್ಸಿನ ಕಲೇ ಹತ್ತಿರದಿಂದ ಹೊರಟು, ಇಂಗ್ಲಿಷ್ ಕಡಲ್ಗಾಲುವೆ ದಾಟಿ ಇಂಗ್ಲೆಂಡಿನ ಡೋವರ್ ಕೋಟೆಯ ಪಕ್ಕ ಇಳಿದದ್ದು ಇದರಲ್ಲೇ. ದಿಕ್ಸೂಚಿ ಇರಲಿಲ್ಲ. ಕಾಲು ಬೇರೆ ಸುಟ್ಟುಕೊಂಡು ಊರುಗೋಲು ಹಿಡಿದಿದ್ದ ಆಸಾಮಿ! ಇಳಿಯುವಾಗ ಗಾಲಿಯ ಚೌಕಟ್ಟೂ ಪ್ರೊಪೆಲ್ಲರೂ ಮುರಿದವು, ಆದರೂ ಕಡಲ್ಗಾಲುವೆ ದಾಟಿದ್ದಕ್ಕೆ ಸಾವಿರ ಪೌಂಡ್ ಬಹುಮಾನ ಸಿಕ್ಕಿತು.

ಈ ವಿಮಾನದ ಕಷ್ಟ ಏನಪ್ಪಾ ಅಂದರೆ, ಇದರಲ್ಲಿ ಏನನ್ನೂ ಮುಚ್ಚಿಡೋಕೆ ಆಗಲ್ಲ. ಪೈಲಟ್ ಕೂರುವ ಜಾಗದ ತನಕ ಬಟ್ಟೆ ಹೊದಿಸಿದ್ದಾರೆ, ಅಲ್ಲಿಂದ ಬಾಲದವರೆಗೆ ಬರೀ ಎಲುಬುಗೂಡು. ಉದ್ದಕ್ಕೆ ನಾಲ್ಕು ಮರದ ಪಟ್ಟಿ, ನಡುವೆ ಅಡ್ಡಕಡ್ಡಿಗಳು, ಪ್ರತಿ ಚೌಕದಲ್ಲೂ ಮೂಲೆಯಿಂದ ಮೂಲೆಗೆ ಎಳೆದು ಕಟ್ಟಿದ ತಂತಿ. ಅದರೊಳಗೆ ಒಂದು ಗಾಳಿ ಚೀಲ, ಸಮುದ್ರಕ್ಕೆ ಬಿದ್ದರೆ ತೇಲಲಿ ಅಂತ. ಅಸಲಿ ವಿಮಾನ ಈಗಲೂ ಪ್ಯಾರಿಸ್‌ನ ಮ್ಯೂಸಿಯಂನಲ್ಲಿ ತೂಗುತ್ತಿದೆ, ಅದರ ಫೋಟೋಗಳನ್ನು ದೊಡ್ಡದು ಮಾಡಿ ನೋಡಿಕೊಂಡೇ ನನ್ನ ಕೆಲಸ.

ನಾನು ಹಿಡಿದ ಅಳತೆ 1:48, ಅಂದರೆ ಅಸಲಿಯ 48ನೇ ಒಂದು ಪಾಲು. ಸುಮಾರು 7.8 ಮೀಟರ್ ರೆಕ್ಕೆ 16 ಸೆಂಟಿಮೀಟರ್‌ಗೆ ಬರುತ್ತೆ. ಅವರು ಆಶ್ ಮರ ಬಳಸಿದ್ದರು, ನಾನು ಊದಿನಕಡ್ಡಿ. ನೀರಲ್ಲಿ ನೆನೆಹಾಕಿ, ಮೇಲಿನ ಹಿಟ್ಟು ತೊಳೆದು, ಒಳಗಿನ ಬಿದಿರನ್ನು ಬ್ಲೇಡಿನಿಂದ ಸೀಳಿದರೆ ಎಳೆ ನೇರವಾಗಿ ಬರುತ್ತೆ, ಮಾದರಿ ಮಾಡೋರು ಬಳಸೋ ಹಗುರವಾದ ಬಾಲ್ಸಾ ಮರಕ್ಕಿಂತ ಗಟ್ಟಿ. "ದೇವರಿಗೆ ಹಚ್ಚೋದನ್ನ ಯಾಕೋ ಹಾಳು ಮಾಡ್ತೀಯಾ" ಅಂತ ಅಮ್ಮ ಬೈದರು. ರೆಕ್ಕೆಗೆ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದ ಟಿಶ್ಯೂ ಪೇಪರ್.

ಆ ಭಾನುವಾರ ಪೂರ್ತಿ ಹೋದದ್ದು ತಂತಿಗೆ. ಇಲ್ಲಿ ಲೆಕ್ಕ ಬಹಳ ಕಟ್ಟುನಿಟ್ಟು. ಹೊಲಿಗೆ ದಾರ 0.2 ಮಿಲಿಮೀಟರ್ ಇದ್ದರೂ, 48ರಿಂದ ಗುಣಿಸಿದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ದಪ್ಪದ ಹಗ್ಗ! ವಿಮಾನ ಅಲ್ಲ, ಬಾವಿ ರಾಟೆ ಆಗುತ್ತೆ. ತಲೆಕೂದಲು ಸುಮಾರು 0.07, ಅಂದರೆ ಮೂರು ಮಿಲಿಮೀಟರ್ ಚಿಲ್ಲರೆ. ಸರಿಯಾಯಿತು. ನನ್ನ ತಲೆಯಲ್ಲಿ ಅಷ್ಟು ಉದ್ದದ್ದು ಎಲ್ಲಿಂದ ತರೋದು, ಅಮ್ಮನ ಬಾಚಣಿಗೆಯಿಂದ ಎತ್ತಿದೆ. "ಅಂತೂ ನನ್ನ ಕೂದಲು ಉದುರೋದು ಯಾವುದಕ್ಕಾದ್ರೂ ಉಪಯೋಗಕ್ಕೆ ಬಂತಲ್ಲ" ಅಂದರು. ಬೆಳಿಗ್ಗೆಯೆಲ್ಲ ಚಿಮಟ ಹಿಡಿದು, ಸೂಜಿ ಮೊನೆಯಲ್ಲಿ ಅಂಟು ಮುಟ್ಟಿಸಿ ಹಿಂಬದಿಯ ಚೌಕಗಳಿಗೆ ಕಟ್ಟಿದೆ. ಮಧ್ಯಾಹ್ನ ಮಳೆ ಹಿಡಿಯಿತು. ಊಟ ಮುಗಿಸಿ ಬಂದು ನೋಡಿದರೆ ಬಿಗಿಯಾಗಿದ್ದ ಎಳೆಗಳು ಸಡಿಲ. ತೇವಕ್ಕೆ ಕೂದಲು ಉದ್ದ ಆಗುತ್ತೆ, ಗಾಳಿಯ ತೇವ ಅಳೆಯೋ ಹಳೇ ಉಪಕರಣಗಳಲ್ಲಿ ಕೂದಲನ್ನೇ ಬಳಸುತ್ತಿದ್ದರು. ನಮ್ಮನೆಯಲ್ಲಿ ಈಗ ಅದೂ ಒಂದು ಆಯಿತು.

ಕೂದಲಿನ ಬದಲಿಗೆ ಕೆಟ್ಟುಹೋದ ಚಾರ್ಜರ್ ವಯರ್ ಸುಲಿದೆ. ಅದರೊಳಗಿನ ತಾಮ್ರದ ಎಳೆ ಕೂದಲಷ್ಟೇ ಸಣ್ಣ. ಸೊಟ್ಟ ಇರುತ್ತೆ, ಎರಡು ಗಾಜಿನ ತುಂಡಿನ ನಡುವೆ ಇಟ್ಟು ಉರುಳಿಸಿದರೆ ನೆಟ್ಟಗಾಗುತ್ತೆ.

ರೆಕ್ಕೆಗೆ ಬಂದಾಗಲೇ ನಿಜವಾದ ಖುಷಿ. ಈಗಿನ ವಿಮಾನಗಳ ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡೋ ಪಟ್ಟಿ, ಅಂದರೆ ಐಲೆರಾನ್, ಇದಕ್ಕಿಲ್ಲ, ಒಂದು ಕಡೆಗೆ ವಾಲಿಸಬೇಕಾದರೆ ಇಡೀ ರೆಕ್ಕೆಯನ್ನೇ ತಿರುಚಬೇಕು. ಮುಂದಿನ ಪಟ್ಟಿಯ ತಂತಿಗಳು ಅಲುಗಾಡಲ್ಲ, ಹಿಂದಿನವು ಮಾತ್ರ ಪೈಲಟ್‌ನ ಕೋಲಿಗೆ ಸೇರಿಕೊಂಡಿರುತ್ತವೆ. ಓದಿದಾಗ ತಲೆ ಆಡಿಸಿದ್ದೆ ಅಷ್ಟೇ. ಹಿಂದಿನ ಎಳೆಗಳನ್ನು ಅಂಟಿಸದೆ, ನಡುವಿನ ಕಂಬದ ಮೇಲೂ ಕೆಳಗೂ ಸುಮ್ನೆ ಹಾಯಿಸಿದೆ. ಚಿಮಟದಲ್ಲಿ ಎಡಗಡೆಯ ಕೆಳಗಿನ ಎಳೆ ಎಳೆದರೆ ಎಡ ರೆಕ್ಕೆಯ ಹಿಂಬದಿ ಬಗ್ಗಿತು, ಅದೇ ಹೊತ್ತಿಗೆ ಬಲಗಡೆಯದು ಎದ್ದಿತು! ಟಿಶ್ಯೂ ಪೇಪರ್ ಸಣ್ಣಗೆ ಕರ್ ಅಂತು. ಅಮ್ಮನನ್ನು ಕರೆದು ತೋರಿಸಿದೆ. ಅವರೂ ಒಂದು ಸಲ ಎಳೆದು ನೋಡಿ, "ಇಷ್ಟನ್ನೇ ನಂಬ್ಕೊಂಡು ಸಮುದ್ರದ ಮೇಲೆ ಹೋದ್ನಾ?" ಅಂದರು. ಹೌದು, ಸುಮಾರು 37 ನಿಮಿಷ.

ಎಂಜಿನ್ ಬಾಕಿ ಇದೆ. ಅಂಜಾನಿ ಕಂಪನಿಯದು, 25 ಅಶ್ವಶಕ್ತಿ, ಬೀಸಣಿಗೆಯಾಗಿ ಹರಡಿದ ಮೂರು ಸಿಲಿಂಡರ್. ಪೆನ್ ರೀಫಿಲ್ ತುಂಡಿಗೆ ಇದೇ ತಾಮ್ರದ ಎಳೆಯನ್ನು ಒತ್ತಾಗಿ ಸುತ್ತಿದರೆ ಸಿಲಿಂಡರ್ ಮೇಲೆ ಬಿಸಿ ಕಳೆಯೋಕೆ ಇರೋ ಗೀರುಗಳು ಬರುತ್ತವೆ ಅಂತ ನನ್ನ ಲೆಕ್ಕ. ಚಾರ್ಜರ್ ವಯರ್ ಇನ್ನೂ ಅರ್ಧ ಉಳಿದಿದೆ.