ಬೆಳಕನ್ನು ಅಳೆದ ಮೇಲೆ

ಸಿನಿಮಾಟೋಗ್ರಫಿ ಡಿಪ್ಲೊಮಾಕ್ಕೆ ಸೇರಿದ ನಮಗೆ ಮೊದಲ ವರ್ಷ ಸಿಕ್ಕಿದ್ದು ಬಹುಪಾಲು ಲೆಕ್ಕ. ಕ್ಯಾಮೆರಾ ಮುಟ್ಟುವ ಆಸೆಯಿಂದ ಬಂದವರ ಮುಂದೆ ಮೇಷ್ಟ್ರು ಬೋರ್ಡಿನ ಮೇಲೆ ಒಂದೇ ಸಾಲು ಬರೆದು ತಿಂಗಳುಗಟ್ಟಲೆ ಅದನ್ನೇ ಅರೆದು ಕುಡಿಸಿದರು. 100 ಎಎಸ್‌ಎ ಫಿಲ್ಮು, 100 ಫುಟ್‌ಕ್ಯಾಂಡಲ್ ಬೆಳಕು, ಸೆಕೆಂಡಿಗೆ 24 ಫ್ರೇಮು, ಸ್ಟಾಪು 2.8. ಇದೊಂದು ಬಾಯಿಪಾಠವಾದರೆ ಉಳಿದದ್ದೆಲ್ಲ ಅರ್ಧ ಮಾಡುವುದು, ಇಲ್ಲವೇ ದುಪ್ಪಟ್ಟು ಮಾಡುವುದು. ಎಎಸ್‌ಎ ಎಂದರೆ ಬೆಳಕಿಗೆ ಫಿಲ್ಮು ಎಷ್ಟು ಸೂಕ್ಷ್ಮ ಎಂಬ ಅಂಕಿ, ಫುಟ್‌ಕ್ಯಾಂಡಲ್ ಬಿದ್ದ ಬೆಳಕಿನ ಅಳತೆ, ಸ್ಟಾಪು ಲೆನ್ಸಿನ ತೂತಿನ ಅಳತೆ, ಅಂಕಿ ಏರಿದಷ್ಟೂ ತೂತು ಕಿರಿದು. ಬೆಳಕು ಅರ್ಧವೋ ದುಪ್ಪಟ್ಟೋ ಆದರೆ ಅದನ್ನೂ ಒಂದು ಸ್ಟಾಪು ಎನ್ನುತ್ತೇವೆ. ಫಿಲ್ಮು 500 ಆದರೆ ಅದೇ 2.8ಕ್ಕೆ 20 ಫುಟ್‌ಕ್ಯಾಂಡಲ್ ಸಾಕು. ನೂರರ ಫಿಲ್ಮಿನಲ್ಲೇ 5.6 ಬೇಕು ಎಂದರೆ ಬೆಳಕು ನಾಲ್ಕು ಪಟ್ಟು, ಅಂದರೆ 400. "ನಾನೂರು ಎಲ್ಲಿಂದ ತರ್ತೀಯಪ್ಪಾ? ಲೈಟು ಎಷ್ಟಿದೆ, ಕರೆಂಟು ಎಷ್ಟಿದೆ?" ಎಂದು ಕೇಳುವರು. ಉತ್ತರ ಹೇಳುವವರೆಗೆ ಕೂರಲು ಬಿಡುತ್ತಿರಲಿಲ್ಲ.

ನಾನು ಓದಿದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಈಗ ನಮ್ಮ ವಿಭಾಗ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಗಿ ನಡೆಯುತ್ತಿದೆ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1946ರಲ್ಲಿ ಡಿಪ್ಲೊಮಾ ಮುಗಿಸಿದ್ದು ಈ ಪಾಲಿಟೆಕ್ನಿಕ್ಕಿನಲ್ಲೇ. ಛಾಯಾಗ್ರಾಹಕ, ನಿರ್ದೇಶಕ ಗೋವಿಂದ ನಿಹಲಾನಿಯವರು 1962ರಲ್ಲಿ ಮುಗಿಸಿದ್ದೂ ಇಲ್ಲೇ. ನಮಗೆ ಮೂರ್ತಿಯವರ ಹೆಸರು ಮನೆಯ ಹಿರಿಯರ ಹೆಸರಿದ್ದ ಹಾಗೆ. ಮುಂಬೈಯಲ್ಲಿ ಅಷ್ಟು ದೊಡ್ಡ ಹೆಸರು ಮಾಡಿದವರು 1993ರಲ್ಲಿ ಕನ್ನಡದ 'ಹೂವು ಹಣ್ಣು' ಚಿತ್ರಕ್ಕೆ ಛಾಯಾಗ್ರಹಣ ಮಾಡಿದಾಗ ತರಗತಿಯಲ್ಲಿ ಅದೊಂದೇ ಮಾತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಈ ಪತ್ರಿಕೆ ಓದುವ ಹುಡುಗ ಹುಡುಗಿಯರಿಗೆ ಇದು ಗೊತ್ತಿರಲಿ ಎಂದು ಬರೆದೆ.

ಲೆನ್ಸಿನ ಪಾಠ ಆಗಿದ್ದು ಕಬ್ಬನ್ ಪಾರ್ಕಿನಲ್ಲಿ. ಒಬ್ಬ ಸಹಪಾಠಿಯನ್ನು ಬ್ಯಾಂಡ್‌ಸ್ಟ್ಯಾಂಡಿನ ಮುಂದೆ ಒಂದಷ್ಟು ದೂರದಲ್ಲಿ ನಿಲ್ಲಿಸಿದರು. 25 ಎಂಎಂ ಲೆನ್ಸು ಹಾಕಿ ಅವನ ತಲೆ ಫ್ರೇಮಿನಲ್ಲಿ ಇಷ್ಟೇ ಇರಬೇಕು ಎಂದು ಗುರುತು ಹಾಕಿಸಿದರು. ಆಮೇಲೆ 75 ಎಂಎಂ ಹಾಕಿ, ತಲೆ ಅದೇ ಗಾತ್ರಕ್ಕೆ ಬರುವವರೆಗೆ ಕ್ಯಾಮೆರಾವನ್ನು ಹಿಂದಕ್ಕೆ ಹೊರಿಸಿದರು. ದೂರ ಸರಿಯಾಗಿ ಮೂರು ಪಟ್ಟಾಯಿತು. ಐಪೀಸಿನಲ್ಲಿ ನೋಡಿದರೆ ಮುಖ ಅಷ್ಟೇ ಇದೆ, ಆದರೆ ದೂರದಲ್ಲೆಲ್ಲೋ ಪುಟ್ಟದಾಗಿದ್ದ ಬ್ಯಾಂಡ್‌ಸ್ಟ್ಯಾಂಡು ಅವನ ಬೆನ್ನಿಗೇ ಬಂದು ನಿಂತಿದೆ. ಮೂಗು ಕಿವಿಗಳ ನಡುವಿನ ಆಳವೂ ಬದಲಾಗಿದೆ. ಪರ್ಸ್‌ಪೆಕ್ಟಿವ್ ಬದಲಿಸುವುದು ಕ್ಯಾಮೆರಾ ನಿಂತ ಜಾಗ, ಲೆನ್ಸು ಆ ಜಾಗದಿಂದ ಎಷ್ಟು ಕತ್ತರಿಸಿಕೊಳ್ಳಬೇಕು ಎಂದಷ್ಟೇ ಹೇಳುತ್ತದೆ. ಇಂದಿಗೂ ಲೊಕೇಶನ್ನಿಗೆ ಹೋದರೆ ನಾನು ಮೊದಲು ನಡೆದಾಡಿ ನಿಲ್ಲುವ ಜಾಗ ಹುಡುಕುತ್ತೇನೆ. ಲೆನ್ಸಿನ ಪೆಟ್ಟಿಗೆ ತೆಗೆಸುವುದು ಆಮೇಲೆ.

ಲೆನ್ಸಿನ ಮೇಲೆ ಎಫ್ ಅಂಕಿ, ಟಿ ಅಂಕಿ ಎರಡೂ ಯಾಕೆ ಎಂದು ಈಗಿನವರೂ ನನ್ನನ್ನು ಕೇಳುತ್ತಾರೆ. ಎಫ್ ಎನ್ನುವುದು ಫೋಕಲ್ ಲೆಂಗ್ತಿಗೂ ಲೆನ್ಸಿನ ತೂತಿಗೂ ಇರುವ ಲೆಕ್ಕ. ಗಾಜುಗಳ ನಡುವೆ ಹಾದು ಬರುವಾಗ ಒಂದಷ್ಟು ಬೆಳಕು ಸೋರಿಹೋಗುತ್ತದೆ. ಹಾದು ಬಂದದ್ದನ್ನು ನಿಜವಾಗಿ ಅಳೆದು ಕೆತ್ತಿದ್ದು ಟಿ. ಹತ್ತಾರು ಗಾಜುಗಳಿರುವ ಜೂಮ್ ಲೆನ್ಸಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಎಕ್ಸ್‌ಪೋಶರ್ ಇಡಲು ಟಿ, ಡೆಪ್ತ್ (ಹಿಂದೆ ಮುಂದೆ ಎಷ್ಟು ದೂರ ಚಿತ್ರ ಸ್ಪಷ್ಟವಾಗಿರುತ್ತದೆ ಎಂಬ) ಲೆಕ್ಕಕ್ಕೆ ಎಫ್. ಇಷ್ಟು ನೆನಪಿದ್ದರೆ ಒಂದೇ ದೃಶ್ಯದ ನಡುವೆ ಲೆನ್ಸು ಬದಲಿಸಿದಾಗ ಶಾಟುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಫೋಕಸ್ಸಿಗೆ ಟೇಪು ಹಿಡಿಯುವುದು ಫಿಲ್ಮ್ ಪ್ಲೇನಿನಿಂದ, ಅಂದರೆ ಕ್ಯಾಮೆರಾದೊಳಗೆ ಫಿಲ್ಮು ನಿಲ್ಲುವ ಜಾಗದಿಂದ. ಕ್ಯಾಮೆರಾದ ಮೈಮೇಲೆ ಅಡ್ಡಗೆರೆ ಎಳೆದ ಒಂದು ಸಣ್ಣ ವೃತ್ತ ಇರುತ್ತದೆ, ಅದರಿಂದ ನಟರ ಕಣ್ಣಿನವರೆಗೆ. 50 ಎಂಎಂ, ಎಂಟು ಅಡಿ ದೂರ, ಸ್ಟಾಪು 2.8 ಇದ್ದರೆ 35 ಎಂಎಂ ಫಿಲ್ಮಿನಲ್ಲಿ ಸಿಗುವ ಡೆಪ್ತು ಹೆಚ್ಚುಕಡಿಮೆ ಒಂದು ಅಡಿ. 5.6ಕ್ಕೆ ಇಳಿಸಿದರೆ ಎರಡಡಿಗೂ ಸ್ವಲ್ಪ ಜಾಸ್ತಿ. ಆ ಒಂದು ಅಡಿ ಹೆಚ್ಚಿಗೆ ಗಳಿಸಲು ಬೇಕಾದದ್ದು ಮೊದಲು ಹೇಳಿದ ನಾನೂರು ಫುಟ್‌ಕ್ಯಾಂಡಲ್. ಮೇಷ್ಟ್ರು ನಮ್ಮನ್ನು ಯಾಕೆ ನಿಲ್ಲಿಸಿ ಕೇಳುತ್ತಿದ್ದರು ಎಂಬುದು ಶಾಟಿನ ನಡುವೆ ಫೋಕಸ್ ತಿರುಗಿಸುವ ಫೋಕಸ್ ಪುಲ್ಲರ್ ಆಗಿ ಕೆಲಸ ಮಾಡಿದ ಮೇಲೆ ಮೈಗೆ ಹತ್ತಿತು.

ಫಿಲ್ಮ್ ಲೋಡಿಂಗ್ ಕಲಿತದ್ದು ಕಪ್ಪು ಚೇಂಜಿಂಗ್ ಬ್ಯಾಗಿನಲ್ಲಿ. ಎರಡು ಪದರದ ಚೀಲ, ಎರಡು ತೋಳು, ಒಳಗೆ ಮ್ಯಾಗಜಿನ್ನು (ಕ್ಯಾಮೆರಾಕ್ಕೆ ಸಿಕ್ಕಿಸುವ ಫಿಲ್ಮಿನ ಪೆಟ್ಟಿಗೆ) ಮತ್ತು ರಾ ಸ್ಟಾಕಿನ, ಅಂದರೆ ಬಳಸದ ಫಿಲ್ಮಿನ ಡಬ್ಬಿ. ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಫಿಲ್ಮಿನ ಅಂಚನ್ನು ಮಾತ್ರ ಹಿಡಿಯಬೇಕು, ಬೆವರು ತಾಗಿದರೆ ಗುರುತು ನೆಗೆಟಿವ್ ಮೇಲೆ ಉಳಿಯುತ್ತದೆ. ಅಭ್ಯಾಸಕ್ಕೆ ಕೊಟ್ಟ ವೇಸ್ಟ್ ಫಿಲ್ಮಿನ ತುದಿಯನ್ನು ಒದ್ದೆ ತುಟಿಗೆ ತಾಗಿಸಿದರೆ ಎಮಲ್ಷನ್ (ಬೆಳಕು ಹಿಡಿಯುವ ಲೇಪ) ಇರುವ ಕಡೆ ಅಂಟಿಕೊಳ್ಳುತ್ತಿತ್ತು. ನಾನೂರು ಅಡಿಯ ರೋಲು 35 ಎಂಎಂನಲ್ಲಿ ಓಡುವುದು 4 ನಿಮಿಷ 26 ಸೆಕೆಂಡ್, ಸಾವಿರ ಅಡಿಯದು 11 ನಿಮಿಷ ಚಿಲ್ಲರೆ. ಕ್ಯಾಮೆರಾ ಓಡುವ ಸದ್ದು ಕೇಳಿದಷ್ಟು ಹೊತ್ತೂ ದುಡ್ಡು ಓಡುತ್ತಿದೆ ಎಂದು ಸೆಟ್ಟಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ರಿಹರ್ಸಲ್ಲಿನಲ್ಲಿ ಯಾರೂ ಮೈಮರೆಯುತ್ತಿರಲಿಲ್ಲ. ಆ ಶಿಸ್ತನ್ನು ನಾನು ಈಗಲೂ ಪ್ರೀತಿಸುತ್ತೇನೆ.

ಆಗ ನಮ್ಮ ಬಾಯಲ್ಲಿದ್ದ ಅಂಕಿಗಳು ಕೊಡಾಕ್‌ನ 5248 ಮತ್ತು 5296. ಮೊದಲನೆಯದು ನೂರರದು, ಎರಡನೆಯದು ಐನೂರರದು, ಎರಡೂ 3200 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ) ಟಂಗ್‌ಸ್ಟನ್ ದೀಪಕ್ಕೆ ಹೊಂದಿಸಿದವು. ಬಿಸಿಲಿಗೆ ತಂದರೆ 85 ನಂಬರಿನ ಕಿತ್ತಳೆ ಫಿಲ್ಟರ್ ಬೇಕು, ಅದು ಮೂರನೇ ಎರಡರಷ್ಟು ಸ್ಟಾಪು ತಿನ್ನುತ್ತದೆ. ನೂರರದು 64 ಆಗುತ್ತದೆ, ಐನೂರರದು 320. ಅನುಭವಿಗಳಾದ ಕ್ಯಾಮೆರಾಮನ್‌ಗಳು ಫಿಲ್ಟರ್ ಇಲ್ಲದಿರುವಾಗಲೂ ಐನೂರರ ಫಿಲ್ಮನ್ನು 320 ಎಂದೇ ಮೀಟರಿನಲ್ಲಿ ಇಡುವುದನ್ನು ನಾವು ನೋಡಿದ್ದೆವು. ಡಬ್ಬಿಯ ಮೇಲಿನ ಅಂಕಿಗಿಂತ ಹೆಚ್ಚು ಬೆಳಕು ಕೊಟ್ಟರೆ ನೆಗೆಟಿವ್ ದಪ್ಪಗಾಗುತ್ತದೆ, ಅಂದರೆ ಹೆಚ್ಚು ಗಾಢವಾಗುತ್ತದೆ. ಲ್ಯಾಬಿನಲ್ಲಿ ನೆಗೆಟಿವ್ ಮೂಲಕ ಪ್ರಿಂಟಿಗೆ ಬಿಡುವ ಪ್ರಿಂಟರ್ ಲೈಟಿನ ಅಳತೆ 1ರಿಂದ 50, ನಡುಮಧ್ಯ 25. ದಪ್ಪ ನೆಗೆಟಿವ್ ಇಪ್ಪತ್ತೈದಕ್ಕಿಂತ ಮೇಲಿನ ಲೈಟಿನಲ್ಲಿ ಪ್ರಿಂಟ್ ಆಗುತ್ತದೆ. ಆಗ ಕಪ್ಪು ನಿಜವಾದ ಕಪ್ಪಾಗಿ ಬರುತ್ತದೆ, ನೆರಳಿನಲ್ಲಿ ಗ್ರೇನ್, ಅಂದರೆ ಫಿಲ್ಮಿನ ಕಾಳು ಕುಣಿಯುವುದಿಲ್ಲ. ರಷಸ್ (ಎಡಿಟಿಂಗಿಗೆ ಮೊದಲು ನೋಡುವ ಪ್ರಿಂಟು) ಜೊತೆಗೆ ಮದರಾಸಿನ ಲ್ಯಾಬಿನಿಂದ ಬರುವ ಚೀಟಿಯಲ್ಲಿ ನಾವು ಮೊದಲು ನೋಡುತ್ತಿದ್ದುದು ಈ ಲೈಟಿನ ಮೂರು ಅಂಕಿಗಳನ್ನು: ಕೆಂಪು, ಹಸಿರು, ನೀಲಿ.

ಇದೆಲ್ಲ ಯಾವ ಪಠ್ಯದಲ್ಲಾದರೂ ಸಿಕ್ಕುತ್ತದೆ. ನಮ್ಮ ವಿಭಾಗದಲ್ಲಿ ನನಗೆ ಸಿಕ್ಕ ದೊಡ್ಡ ಪಾಠ ಬೇರೆ.

ಒಂದು ಮಧ್ಯಾಹ್ನ ಮೇಷ್ಟ್ರು ಶೇಕಡ 18ರ ಗ್ರೇ ಕಾರ್ಡನ್ನು (ಬಿದ್ದ ಬೆಳಕಿನಲ್ಲಿ ಅಷ್ಟು ಪಾಲು ಮರಳಿಸುವ ಬೂದು ಹಲಗೆ) ಮೇಜಿನ ಮೇಲಿಟ್ಟು ಒಂದೇ ದೀಪ ಹಾಕಿಸಿದರು. ಎಲ್ಲರೂ ಸರದಿಯಲ್ಲಿ ಬಂದು ಕೈಯ ಮೇಲ್ಭಾಗವನ್ನು ಕಾರ್ಡಿನ ಪಕ್ಕ ಇಡಬೇಕು. ಅವರು ಒಂದು ಸಣ್ಣ ಜಾಗದಿಂದ ಮರಳುವ ಬೆಳಕನ್ನು ಅಳೆಯುವ ಸ್ಪಾಟ್ ಮೀಟರ್ ಹಿಡಿದು ಮೊದಲು ಕಾರ್ಡು, ಆಮೇಲೆ ಕೈ ಓದಿ ಅಂಕಿ ಹೇಳುವರು, ನಾವು ಬರೆದುಕೊಳ್ಳುವುದು. ಕರಾವಳಿಯ ಬೆಳ್ಳಗಿನ ಹುಡುಗನ ಕೈ ಕಾರ್ಡಿಗಿಂತ ಒಂದು ಸ್ಟಾಪು ಮೇಲೆ. ನನ್ನದು ಕಾರ್ಡಿನಷ್ಟೇ. ರಾಯಚೂರು ಕಡೆಯ ಗೆಳೆಯನದು ಒಂದು ಸ್ಟಾಪು ಕೆಳಗೆ. ಆಮೇಲೆ ಅಂಗೈ ತಿರುಗಿಸಿ ಎಂದರು. ಎಲ್ಲರ ಅಂಗೈಯೂ ಹೆಚ್ಚುಕಡಿಮೆ ಒಂದೇ ಕಡೆ, ಕಾರ್ಡಿಗಿಂತ ಒಂದು ಸ್ಟಾಪಿನ ಆಸುಪಾಸು ಮೇಲೆ ಬಂತು. "ಗ್ರೇ ಕಾರ್ಡ್ ಮರೆತು ಬಂದ್ರೆ ಅಂಗೈ ಓದಿ, ಒಂದು ಸ್ಟಾಪ್ ತೆರೀರಿ. ಅದು ಸುಲಭ. ಈಗ ಇವನ ಮುಖ ಹೇಗೆ ತೆಗೀತೀರಿ ಹೇಳಿ" ಎಂದು ರಾಯಚೂರಿನವನ ಹೆಗಲ ಮೇಲೆ ಕೈ ಇಟ್ಟರು.

ಸ್ಪಾಟ್ ಮೀಟರನ್ನು ನೇರವಾಗಿ ಅವನ ಮುಖಕ್ಕೆ ಹಿಡಿದರೆ ಅದು ಆ ಕಪ್ಪನ್ನು ಬೂದು ಮಾಡುವ ಸ್ಟಾಪು ಹೇಳುತ್ತದೆ, ಅಂದರೆ ಅವನ ಬಣ್ಣವನ್ನೇ ಅಳಿಸುತ್ತದೆ. ಮುಖದ ಮುಂದೆ ಬೀಳುವ ಬೆಳಕನ್ನು ಅಳೆಯುವ, ಬಿಳಿ ಗುಮ್ಮಟದ ಇನ್ಸಿಡೆಂಟ್ ಮೀಟರ್ ಹಿಡಿದು ಕ್ಯಾಮೆರಾ ಕಡೆ ತಿರುಗಿಸಿದರೆ, ಯಾರು ಕೂತರೂ ಒಂದೇ ಅಂಕಿ. ಬಿದ್ದ ಬೆಳಕಿಗೆ ಸರಿಯಾದ ಅಂಕಿ ಅದು, ಅವನ ಮುಖ ಇದ್ದಷ್ಟು ಕಪ್ಪಾಗಿ ಬರುತ್ತದೆ. ಆದರೆ ಅವನು ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಕೂತಿದ್ದಾನೆ. ಒಗೆದ ಬಿಳಿ ಬಟ್ಟೆ ಕಾರ್ಡಿಗಿಂತ ಎರಡೂ ಕಾಲು ಸ್ಟಾಪು ಮೇಲಿರುತ್ತದೆ. ಮುಖಕ್ಕೂ ಪಂಚೆಗೂ ಮೂರು ಸ್ಟಾಪು ದಾಟಿದ ಅಂತರ. ನೆಗೆಟಿವ್ ತಡೆದುಕೊಂಡರೂ ಪ್ರಿಂಟಿನಲ್ಲಿ ನೋಡುವವನ ಕಣ್ಣು ಪಂಚೆಗೇ ಹೋಗುತ್ತದೆ. ನಮ್ಮ ಹಳ್ಳಿಯ ಕತೆಗಳಲ್ಲಿ ಪ್ರತಿ ಎರಡನೇ ಫ್ರೇಮೂ ಇದೇ ಅಲ್ಲವೇ?

"ಮೀಟರ್ ಕೆಲಸ ಮುಗೀತು. ಇನ್ನು ನಿಮ್ಮ ಕೆಲಸ" ಎಂದರು ಮೇಷ್ಟ್ರು. ನಾವು ಎದುರಿನಿಂದ ಇನ್ನೊಂದು ಲೈಟು ಹಾಕೋಣ ಎಂದೆವು. ಹಾಕಿಸಿ ತೋರಿಸಿದರು. ಮುಖದ ಜೊತೆ ಅಂಗಿಯೂ ಹಿಂದಿನ ಗೋಡೆಯೂ ಏರಿದವು, ಮುಖ ಚಪ್ಪಟೆಯಾಯಿತು. ಆ ಲೈಟು ಆರಿಸಿ, ಪಕ್ಕದಲ್ಲಿ ದೊಡ್ಡ ಥರ್ಮೋಕೋಲ್ ಶೀಟು ನಿಲ್ಲಿಸಿ ಅದಕ್ಕೆ ಬೆಳಕು ಹೊಡೆಸಿದರು. ಎದೆಯಿಂದ ಕೆಳಕ್ಕೆ ಬೆಳಕು ತಗ್ಗಿಸುವ ಜಾಲರಿ ಅಡ್ಡ ಹಿಡಿಸಿದರು. ಈಗ ಅವನ ಕೆನ್ನೆಯ ಮೂಳೆಯ ಮೇಲೆ, ಹಣೆಯ ಅಂಚಿನಲ್ಲಿ, ಮೂಗಿನ ಏಣಿನ ಮೇಲೆ ಆ ಬಿಳಿ ಶೀಟಿನ ಪ್ರತಿಬಿಂಬ ಮೆಲ್ಲಗೆ ಹರಿಯಿತು. ಚರ್ಮ ಕಪ್ಪಾಗಿಯೇ ಇತ್ತು, ಮುಖಕ್ಕೆ ಆಕಾರ ಬಂದಿತ್ತು, ಕಣ್ಣಲ್ಲಿ ಮಿಂಚಿತ್ತು. ಕಪ್ಪು ಚರ್ಮ ಬೆಳಕನ್ನು ಕಡಿಮೆ ಚದುರಿಸುತ್ತದೆ, ಆದರೆ ಮೇಲ್ಮೈಯ ಹೊಳಪು ಎಲ್ಲ ಬಣ್ಣದ ಚರ್ಮಕ್ಕೂ ಸುಮಾರು ಒಂದೇ. ಆ ಹೊಳಪಿನಲ್ಲಿ ಚಿತ್ರ ಬರೆಯಬೇಕು, ಅದಕ್ಕೆ ಬೇಕಾದದ್ದು ದೊಡ್ಡ ಮೂಲ, ಸರಿಯಾದ ಕೋನ. ಬಿಳುಪು ತಗ್ಗಲು ಅಂಗಿಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ ತನ್ನಿ ಎಂದು ಮರುದಿನಕ್ಕೆ ಕೆಲಸವನ್ನೂ ಕೊಟ್ಟರು.

ಆ ದಿನದಿಂದ ನಾನು ಹಿರಿಯರ ಕೆಲಸವನ್ನು ನೋಡುವ ರೀತಿ ಬದಲಾಯಿತು. ಸತ್ಯಜಿತ್ ರಾಯ್ ಅವರ 1956ರ 'ಅಪರಾಜಿತೋ'ಗೆ ಛಾಯಾಗ್ರಾಹಕ ಸುಬ್ರತ ಮಿತ್ರರು ಸ್ಟುಡಿಯೋದಲ್ಲಿ ಹಾಕಿದ ಬನಾರಸಿನ ಮನೆಯ ಅಂಗಳದ ಮೇಲೆ ಬಟ್ಟೆ ಕಟ್ಟಿ, ಕೆಳಗಿನಿಂದ ದೀಪ ಹೊಡೆದು, ಬೆಳಕನ್ನು ಆಕಾಶದಿಂದ ಇಳಿದಂತೆ ಇಳಿಸಿದರು. ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್'ನಲ್ಲಿ ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೋ ಒಳಕ್ಕೆ ತಿರುಗಿಸಿ, ಹೆಸರಾದ ಆ ಬೆಳಕಿನ ಕೋಲನ್ನು ನಿಲ್ಲಿಸಿದರು. ಮೀಟರ್ ಇಬ್ಬರ ಕೈಯಲ್ಲೂ ಇತ್ತು. ಬೆಳಕು ಎಲ್ಲಿಂದ ಬರಬೇಕು ಎಂಬುದನ್ನು ಅವರು ಮೀಟರನ್ನು ಕೇಳಲಿಲ್ಲ.

ಲ್ಯಾಬಿನ ಬಣ್ಣದ ಲೆಕ್ಕ ಬಿಳಿಯರ ಚರ್ಮಕ್ಕೆ ಒಗ್ಗಿ ಬಂದದ್ದು ಎಂಬುದೂ ಆಮೇಲೆ ತಿಳಿಯಿತು. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ಗಳ ಮೇಲೆ ದಶಕಗಳ ಕಾಲ ಇದ್ದದ್ದು ಬಿಳಿ ಹೆಣ್ಣುಮಗಳ ಚಿತ್ರ. ಡಿಜಿಟಲ್ ಬಂದ ಮೇಲೆ ಇದು ಹೋಯಿತು ಎಂದುಕೊಳ್ಳಬೇಡಿ. ಆರಿ ಕಂಪನಿಯ ಕ್ಯಾಮೆರಾಗಳ, ಬೆಳಕಿನ ಮಟ್ಟವನ್ನು ಬಣ್ಣಗಳಲ್ಲಿ ತೋರಿಸುವ ಫಾಲ್ಸ್ ಕಲರ್‌ನಲ್ಲಿ ಹಸಿರು ಎಂದರೆ ಶೇಕಡ 18ರ ಬೂದು, ಗುಲಾಬಿ ಎಂದರೆ ಅದಕ್ಕಿಂತ ಒಂದು ಸ್ಟಾಪು ಮೇಲೆ, ಬೆಳ್ಳಗಿನ ಚರ್ಮ ಕೂರುವ ಜಾಗ. ನಮ್ಮ ಕಡೆಯ ಮುಖಗಳ ಮೇಲೆ ಗುಲಾಬಿ ಬರುವವರೆಗೆ ಲೈಟು ಏರಿಸುವ ಹುಡುಗರನ್ನು ನಾನು ಸೆಟ್ಟುಗಳಲ್ಲಿ ನೋಡುತ್ತಿದ್ದೇನೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕೂಲಿ ಮಾಡಿ ಬಿಸಿಲಲ್ಲಿ ಬೆಂದ ಹೆಂಗಸಿನ ಪಾತ್ರಕ್ಕೆ ಆ ಬಣ್ಣ ಯಾಕೆ? ಅವಳ ಮುಖ ಹಸಿರಿನಲ್ಲಿರಲಿ, ಬೇಕಾದರೆ ಅದಕ್ಕೂ ಕೆಳಗಿರಲಿ. ಅಂಚಿನಲ್ಲಿ ಹೊಳಪು ಸಿಕ್ಕರೆ ಸಾಕು.

ಹಳೆಯ ಲೆಕ್ಕಗಳಲ್ಲಿ ಇನ್ನೂ ಕೆಲವು ಹಾಗೇ ಉಳಿದಿವೆ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. 24 ಫ್ರೇಮಿಗೆ 180 ಡಿಗ್ರಿ ಶಟರ್ (360ರ ಸುತ್ತಿನಲ್ಲಿ ಅರ್ಧ ಹೊತ್ತು ತೆರೆದಿರುವುದು) ಎಂದರೆ ಸೆಕೆಂಡಿನ 48ನೇ ಒಂದು ಭಾಗ, ಮಿಣುಕಿಗೆ ಹೊಂದುವುದಿಲ್ಲ. 172.8 ಡಿಗ್ರಿ ಇಟ್ಟರೆ ಸರಿಯಾಗಿ 50ನೇ ಒಂದು ಭಾಗ, ಫ್ರೇಮಿಗೆ ಎರಡು ಮಿಣುಕು. ಕ್ಯಾಮೆರಾದ ಮೆನುವಿನಲ್ಲಿ ಆ ವಿಚಿತ್ರ ಅಂಕಿ ಯಾಕಿದೆ ಎಂದು ಕೇಳಿದವರಿಗೆ ಇದೇ ಉತ್ತರ.

ನನ್ನ ಬಳಿ ಇದ್ದ ಸೆಕೋನಿಕ್ ಎಲ್-398 ಮೀಟರನ್ನು ವಿಭಾಗಕ್ಕೆ ಕೊಡುತ್ತಿದ್ದೇನೆ. ಅದಕ್ಕೆ ಬ್ಯಾಟರಿ ಬೇಡ, ಒಳಗಿರುವುದು ಸೆಲೆನಿಯಮ್ ಸೆಲ್, ಬೆಳಕು ಬಿದ್ದರೆ ತಾನೇ ಮುಳ್ಳು ಓಡಿಸುತ್ತದೆ. ಡಯಲಿನಲ್ಲಿ ಫುಟ್‌ಕ್ಯಾಂಡಲ್ ಅಂಕಿಗಳು ನೇರವಾಗಿ ಇರುವುದರಿಂದ ಮೊದಲ ವರ್ಷದವರಿಗೆ ಲೆಕ್ಕ ಕೈಗೆ ಹತ್ತುತ್ತದೆ. ಗುಮ್ಮಟ ತೆಗೆದು ಚಪ್ಪಟೆ ಬಿಲ್ಲೆ ಹಾಕಿದರೆ ಒಂದೊಂದು ದೀಪವನ್ನು ಬೇರೆಬೇರೆಯಾಗಿ ಓದಬಹುದು. ಬಿಸಿಲಿಗೆ ಹೋದಾಗ ತೂತುಗಳಿರುವ ಲೋಹದ ಹೈ ಸ್ಲೈಡ್ ಒಳಗೆ ತೂರಿಸಿ, ಡಯಲಿನಲ್ಲಿ ಎಚ್ ಗುರುತಿಗೆ ಮುಳ್ಳಿನ ಅಂಕಿ ಹೊಂದಿಸಿ ಓದಬೇಕು. ಸ್ಲೈಡು ಸಣ್ಣದು, ಬೇಗ ಕಳೆಯುತ್ತದೆ, ಚೀಲದ ಒಳಜೇಬಿನಲ್ಲೇ ಇಡಿ. ಸೆಲೆನಿಯಮ್ಮಿಗೆ ವಯಸ್ಸಾಗುತ್ತದೆ, ಕಡಿಮೆ ಅಂಕಿ ತೋರಿಸತೊಡಗುತ್ತದೆ. ಆದ್ದರಿಂದ ಬಳಸದಿರುವಾಗ ಕತ್ತಲೆಯಲ್ಲಿ ಮುಚ್ಚಿಡಿ, ಪ್ರತಿ ವರ್ಷ ಒಂದು ಹೊಸ ಮೀಟರಿನ ಪಕ್ಕ ಹಿಡಿದು ಎಷ್ಟು ವ್ಯತ್ಯಾಸವಿದೆ ಎಂದು ಚೀಟಿ ಬರೆದು ಅದರ ಬೆನ್ನಿಗೆ ಅಂಟಿಸಿ.