ಫ್ಲೋರಿನ್ ಅಷ್ಟು ಉಗ್ರ, ಅದರ ಆಮ್ಲ ಮಾತ್ರ ಯಾಕೆ ದುರ್ಬಲ?

ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಆವರ್ತ ಕೋಷ್ಟಕದ 17ನೇ ಗುಂಪು (ಮೇಲಿನಿಂದ ಕೆಳಗೆ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್) ಅಂದರೆ ಮೊದಲಿನಿಂದಲೂ ಪ್ರೀತಿ. "ಕೆಳಗಿಳಿದಂತೆ ಕ್ರಿಯಾಶೀಲತೆ ಕಡಿಮೆಯಾಗುತ್ತದೆ" ಎಂದು ಒಂದೇ ಸಾಲು ಬರೆಸಿ ಮುಂದಿನ ಅಧ್ಯಾಯಕ್ಕೆ ಹೋಗುವುದು ನನ್ನಿಂದಾಗದು. ಸ್ವಾರಸ್ಯವೆಲ್ಲ ಇರುವುದು ಆ ಸಾಲಿನ ಹಿಂದೆ.

ಫ್ಲೋರಿನ್ ಯಾಕೆ ಅಷ್ಟು ಉಗ್ರ ಎಂದು ಕೇಳಿದರೆ ತರಗತಿಯಲ್ಲಿ ಉತ್ತರ ಸಿದ್ಧವಾಗಿರುತ್ತದೆ: "ಎಲೆಕ್ಟ್ರಾನ್ ಪಡೆಯುವಾಗ ಅದೇ ಅತಿ ಹೆಚ್ಚು ಶಕ್ತಿ ಬಿಡುತ್ತದೆ ಸರ್." ಅಂಕಿಗಳು ಇದನ್ನು ಒಪ್ಪುವುದಿಲ್ಲ. ಒಂಟಿ ಪರಮಾಣು ಒಂದು ಎಲೆಕ್ಟ್ರಾನ್ ಸೇರಿಸಿಕೊಂಡಾಗ ಕ್ಲೋರಿನ್ ಬಿಡುವ ಶಕ್ತಿ ಮೋಲಿಗೆ 349 ಕಿಲೋಜೂಲ್, ಫ್ಲೋರಿನ್ ಬಿಡುವುದು 328. ಫ್ಲೋರಿನ್ ಪರಮಾಣು ತೀರ ಚಿಕ್ಕದು. ಒಳಗೆ ಆಗಲೇ ಕಿಕ್ಕಿರಿದಿರುವ ಎಲೆಕ್ಟ್ರಾನುಗಳು ಹೊಸದಾಗಿ ಬಂದದ್ದನ್ನು ಹೊರಕ್ಕೆ ತಳ್ಳುತ್ತವೆ.

ಅದೇ ಇಕ್ಕಟ್ಟು ಫ್ಲೋರಿನ್ ಅಣುವಿನ ಬಂಧವನ್ನೂ ಸಡಿಲ ಮಾಡುತ್ತದೆ. ಕ್ಲೋರಿನ್ ಅಣುವನ್ನು ಒಡೆಯಲು 242 ಕಿಲೋಜೂಲ್ ಬೇಕು, ಫ್ಲೋರಿನ್‌ಗೆ 158 ಸಾಕು. ಒಡೆದ ಪರಮಾಣು ಎಲೆಕ್ಟ್ರಾನ್ ಪಡೆದು ಋಣ ಆವೇಶದ ಪುಟ್ಟ ಫ್ಲೋರೈಡ್ ಅಯಾನಾಗುತ್ತದೆ, ಅದನ್ನು ನೀರಿನ ಅಣುಗಳಾಗಲಿ ಸ್ಫಟಿಕದ ಧನ ಅಯಾನುಗಳಾಗಲಿ ಬಲವಾಗಿ ಹಿಡಿದುಕೊಳ್ಳುತ್ತವೆ. ಒಡೆಯುವ ಖರ್ಚು ಕಡಿಮೆ, ಕಟ್ಟಿಕೊಂಡಾಗ ಸಿಗುವ ಗಳಿಕೆ ಅಪಾರ. 1886ರ ಜೂನ್‌ನಲ್ಲಿ ಆನ್ರಿ ಮೊಯ್ಸಾನ್ ಮೊದಲ ಬಾರಿಗೆ ಈ ಅನಿಲವನ್ನು ಬೇರ್ಪಡಿಸಿದಾಗ, ಅದು ತಾಗಿದ ಸಿಲಿಕಾನ್ ಹರಳು ಹೊತ್ತಿ ಉರಿಯಿತು.

ಹಾಗಾದರೆ ಹೈಡ್ರೋಜನ್ ಫ್ಲೋರೈಡ್ ನೀರಿನಲ್ಲಿ ಭಾರಿ ಪ್ರಬಲ ಆಮ್ಲವಾಗಬೇಕಲ್ಲ? ಆಗುವುದಿಲ್ಲ. ಹೈಡ್ರೋಜನ್ ಜೊತೆಗಿನ ಬಂಧಕ್ಕೆ ಫ್ಲೋರಿನ್‌ನ ಚಿಕ್ಕ ಗಾತ್ರವೇ ಬಲ: ಸುಮಾರು 570 ಕಿಲೋಜೂಲ್. ಹೈಡ್ರೋಜನ್ ಅಯೋಡೈಡ್‌ನಲ್ಲಿ ಅದು 300ರ ಆಸುಪಾಸು. ಹಾಗಾಗಿ 0.1 ಮೋಲಾರ್ (ಲೀಟರಿಗೆ 0.1 ಮೋಲ್) ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ನೂರಕ್ಕೆ ಎಂಟರಷ್ಟು ಅಣುಗಳು ಮಾತ್ರ ಅಯಾನುಗಳಾಗುತ್ತವೆ. ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳ ಆಮ್ಲಗಳು ಮೂರೂ ಹೆಚ್ಚುಕಡಿಮೆ ಪೂರ್ತಿ ಬಿಡಿಬಿಡಿಯಾಗುತ್ತವೆ, ಕೆಳಗಿಳಿದಂತೆ ಆಮ್ಲದ ಬಲ ಏರುತ್ತಲೇ ಹೋಗುತ್ತದೆ.

ಕೆಳಗಿಳಿದಂತೆ ಏರುವುದು ಇನ್ನೊಂದಿದೆ, ಎಲೆಕ್ಟ್ರಾನ್ ಬಿಟ್ಟುಕೊಡುವ ಗುಣ. ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಇದರದ್ದೇ. ಹೊಗೆ ಹೊರಹೋಗುವ ಗೂಡಿನೊಳಗೆ ಮೂರು ಪ್ರನಾಳಗಳಲ್ಲಿ ಸೋಡಿಯಂ ಕ್ಲೋರೈಡ್, ಬ್ರೋಮೈಡ್, ಅಯೋಡೈಡ್. ಮೂರಕ್ಕೂ ಕೆಲವೇ ಹನಿ ಸಾರೀಕೃತ ಸಲ್ಫ್ಯೂರಿಕ್ ಆಮ್ಲ. ಮೊದಲನೆಯದರಲ್ಲಿ ಹೈಡ್ರೋಜನ್ ಕ್ಲೋರೈಡ್‌ನ ಬಿಳಿ ಹಬೆ ಏಳುತ್ತದೆ, ಅಷ್ಟೇ. ಎರಡನೆಯದರಲ್ಲಿ ಆ ಹಬೆಯೊಳಗೆ ಕಂದು ಬಣ್ಣ ಬೆರೆಯುತ್ತದೆ: ಬ್ರೋಮೈಡ್ ಎಲೆಕ್ಟ್ರಾನ್ ಕೊಟ್ಟು ಬ್ರೋಮಿನ್ ಆಗಿದೆ, ಆಮ್ಲ ಸಲ್ಫರ್ ಡೈಆಕ್ಸೈಡ್ ಆಗಿದೆ. ಮೂರನೆಯದರಲ್ಲಿ ಅಯೋಡಿನ್‌ನ ನೇರಳೆ ಆವಿ, ಗಾಜಿನ ಗೋಡೆಗೆ ಅಂಟಿದ ಅದರದೇ ಕಪ್ಪು ಹರಳು, ನಡುವೆ ಹಳದಿ ಗಂಧಕ, ಹೈಡ್ರೋಜನ್ ಸಲ್ಫೈಡ್‌ನ ಕೊಳೆತ ಮೊಟ್ಟೆಯ ವಾಸನೆ. ಗಂಧಕದ ಉತ್ಕರ್ಷಣ ಸ್ಥಿತಿ +6ರಿಂದ −2ರವರೆಗೆ ಕುಸಿದಿದೆ, ಅಂದರೆ ಅದರ ಒಂದು ಪರಮಾಣುವಿನ ಲೆಕ್ಕಕ್ಕೆ ಎಂಟು ಎಲೆಕ್ಟ್ರಾನುಗಳು ಸೇರಿವೆ. ಅಯೋಡೈಡ್‌ನ ಹೊರಗಿನ ಎಲೆಕ್ಟ್ರಾನುಗಳು ಬೀಜಕೇಂದ್ರದಿಂದ ಎಷ್ಟು ದೂರ ಎಂಬುದು ಮಕ್ಕಳಿಗೆ ಇಲ್ಲಿ ಕಣ್ಣಿಗೇ ಕಾಣುತ್ತದೆ. ಹೈಡ್ರೋಜನ್ ಬ್ರೋಮೈಡ್, ಅಯೋಡೈಡ್ ತಯಾರಿಸಲು ಫಾಸ್ಫಾರಿಕ್ ಆಮ್ಲ ಬಳಸುವುದೂ ಇದೇ ಕಾರಣಕ್ಕೆ, ಅದು ಅವುಗಳಿಂದ ಎಲೆಕ್ಟ್ರಾನ್ ಕಸಿಯುವುದಿಲ್ಲ.

ಈ ಪಾಠದಲ್ಲಿ ಒಂದು ಮಾತನ್ನು ನಾನು ಒತ್ತಿ ಹೇಳುತ್ತೇನೆ. ಹೈಡ್ರೋಫ್ಲೋರಿಕ್ ಆಮ್ಲ "ದುರ್ಬಲ" ಅನ್ನುವುದು ಅಯಾನೀಕರಣದ ಲೆಕ್ಕದಲ್ಲಿ ಮಾತ್ರ. ಅದು ಗಾಜನ್ನೇ ಕರಗಿಸುವುದರಿಂದ ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡಬೇಕು. ಅಯಾನಾಗದ ಅಣುಗಳು ಚರ್ಮದ ಮೂಲಕ ಸಲೀಸಾಗಿ ಒಳಗಿಳಿಯುತ್ತವೆ, ಅಲ್ಲಿ ಫ್ಲೋರೈಡ್ ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ತೆಳುವಾದ ದ್ರಾವಣ ತಾಗಿದರೆ ನೋವು ಗಂಟೆಗಟ್ಟಲೆ ತಡವಾಗಿಯೂ ಶುರುವಾಗಬಹುದು. ಆದ್ದರಿಂದ ಉರಿ ಇಲ್ಲವೆಂದು ಕಾಯುತ್ತ ಕೂರಬಾರದು: ಕೂಡಲೇ ಧಾರಾಳ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ, ವೈದ್ಯರ ಬಳಿಗೆ ಹೋಗಬೇಕು.